ದೇಶ ನಾಲ್ಕನೇ ಸ್ಥಾನಕ್ಕೆ ಬಂತು, ನಾಕಾದಲ್ಲಿ ನಿಂತವರು ಎಲ್ಲಿಗೆ ಬಂದರು?

ಭಾರತ ಜಪಾನನ್ನು ಹಿಂದಿಕ್ಕಿ ಜಗತ್ತಿನ ನಾಲ್ಕನೇ ದೊಡ್ಡ ಅರ್ಥವ್ಯವಸ್ಥೆ ಆಗಿದೆ ಎಂದು 2025ರ ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ ಹೇಳಿತು. ಅದಕ್ಕೆ ಒಂದು ತಿಂಗಳು ಮೊದಲು, ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಜಿಡಿಪಿ ಶೇ 8.2ರಷ್ಟು ಬೆಳೆದಿದೆ ಎಂಬ ಸುದ್ದಿ ಬಂದಿತ್ತು. ಅದೇ ದಿನಗಳಲ್ಲಿ ನಮ್ಮ ಜಿಡಿಪಿ ಲೆಕ್ಕದ ಗುಣಮಟ್ಟಕ್ಕೆ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 'ಸಿ' ದರ್ಜೆ ಕೊಟ್ಟ ವರದಿಯೂ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಡಾಲರ್ ಬೆಲೆ 90 ರೂಪಾಯಿ ದಾಟಿತು. ಇನ್ನೊಂದು ಕಡೆ, ಸುಮಾರು 80 ಕೋಟಿ ಜನರಿಗೆ ಉಚಿತ ರೇಷನ್ ಕೊಡುವ ಯೋಜನೆ 2024ರ ಜನವರಿಯಿಂದ ಐದು ವರ್ಷಕ್ಕೆ ಮುಂದುವರಿದಿದೆ.

ಇಷ್ಟೂ ಸುದ್ದಿ ಒಂದೇ ದೇಶದ್ದಾ ಅಂತ ಅನ್ನಿಸುವುದು ಸಹಜ. ಶ್ರೀಮಂತ ಆಗುತ್ತಿರುವ ದೇಶದಲ್ಲಿ ಇಷ್ಟು ಜನಕ್ಕೆ ಉಚಿತ ಅಕ್ಕಿ ಯಾಕೆ ಬೇಕು? ಬೆಳವಣಿಗೆ ಸುಳ್ಳಾ, ಅಥವಾ ಬಡತನದ ಮಾತು ಸುಳ್ಳಾ? ಮುಂಬಯಿಯಲ್ಲಿರುವ ಕನ್ನಡಿಗರಿಗೆ ಈ ಪ್ರಶ್ನೆ ದಿನಾ ಕಣ್ಣೆದುರಿಗೇ ಇದೆ. ಒಂದು ಕಡೆ ಮಾಟುಂಗಾದ ಸಂಘಗಳು, ಊರೆಲ್ಲ ಹರಡಿರುವ ಹೋಟೆಲ್‌ಗಳು, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು. ಇನ್ನೊಂದು ಕಡೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ಕಟ್ಟಡ ಕೆಲಸಕ್ಕಾಗಿ ನಾಕಾದಲ್ಲಿ, ಅಂದರೆ ಕೂಲಿಯವರು ಸೇರುವ ಕೂಡುರಸ್ತೆಯಲ್ಲಿ, ನಿಲ್ಲುವ ಸಂಸಾರಗಳು. ಎರಡೂ ಕನ್ನಡವೇ, ಎರಡೂ ಇದೇ ಬೆಳೆಯುವ ಊರಿನಲ್ಲಿವೆ. ಇವೆರಡರ ನಡುವಿನ ದೂರ ಯಾಕೆ ಕಮ್ಮಿಯಾಗುತ್ತಿಲ್ಲ ಎಂಬುದು ಗೊತ್ತಾದರೆ ಮೇಲಿನ ಸುದ್ದಿಗಳ ಗೊಂದಲವೂ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ನಾಲ್ಕನೇ ಸ್ಥಾನ ಅಂದರೆ ಏನು

ಒಂದು ವರ್ಷದಲ್ಲಿ ದೇಶದೊಳಗೆ ತಯಾರಾದ ಸರಕು ಮತ್ತು ಸೇವೆಗಳ ಒಟ್ಟು ಬೆಲೆಯೇ ಜಿಡಿಪಿ. ದೇಶಗಳನ್ನು ಸಾಲಾಗಿ ನಿಲ್ಲಿಸಲು ಅದನ್ನು ಡಾಲರ್‌ಗೆ ಬದಲಿಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಐಎಂಎಫ್ ಮಾಡಿದ ಅಂದಾಜಿನಲ್ಲಿ ಭಾರತದ್ದು 4.187 ಲಕ್ಷ ಕೋಟಿ ಡಾಲರ್, ಜಪಾನಿನದ್ದು 4.186 ಲಕ್ಷ ಕೋಟಿ. ಕೂದಲೆಳೆಯ ಅಂತರ. ಅಕ್ಟೋಬರ್‌ನ ಅಂದಾಜಿನಲ್ಲಿ ಜಪಾನ್ ಮತ್ತೆ ಸ್ವಲ್ಪ ಮುಂದಿತ್ತು. ರೂಪಾಯಿ ಇಳಿದರೆ ಡಾಲರ್ ಲೆಕ್ಕದಲ್ಲಿ ನಮ್ಮ ಗಾತ್ರ ಕುಗ್ಗುತ್ತದೆ. ಯೆನ್ ಇಳಿದರೆ ಜಪಾನ್ ಕುಗ್ಗುತ್ತದೆ. ಹಾಗಾಗಿ ಈ ಸ್ಥಾನ ಒಂದೆರಡು ಸಲ ಆಚೀಚೆ ಆದರೂ ಆಶ್ಚರ್ಯ ಬೇಡ. ಭಾರತ ಬೆಳೆಯುತ್ತಿರುವುದು ಮಾತ್ರ ನಿಜ, ವೇಗವಾಗಿ ಬೆಳೆಯುತ್ತಿರುವುದೂ ನಿಜ.

ಹಾಗಾದರೆ 'ಸಿ' ದರ್ಜೆ ಯಾಕೆ? ಲೆಕ್ಕ 2011-12ರ ಬೆಲೆಗಳ ಮೇಲೆ ನಿಂತಿತ್ತು, ಅದು ಹಳತಾಯಿತು ಎಂಬುದು ಒಂದು ಕಾರಣ. ಇನ್ನೊಂದು ನಮಗೆ ಹೆಚ್ಚು ಮುಖ್ಯವಾದದ್ದು. ದೊಡ್ಡ ಕಂಪನಿಗಳ ಲೆಕ್ಕಪತ್ರ ಬೇಗ ಸಿಗುತ್ತದೆ. ಬೀದಿ ಬದಿಯ ಅಂಗಡಿ, ಸಣ್ಣ ವರ್ಕ್‌ಶಾಪ್, ಗೌಂಡಿಯ ದಿನಗೂಲಿ ಇವುಗಳ ಲೆಕ್ಕ ಮೂರು ತಿಂಗಳಿಗೊಮ್ಮೆ ಸಿಗುವುದಿಲ್ಲ. ಅದಕ್ಕೆ ಅಸಂಘಟಿತ ವಲಯದ ಬೆಳವಣಿಗೆಯನ್ನು ಎಷ್ಟೋ ಕಡೆ ಸಂಘಟಿತ ವಲಯದ ಅಂಕಿಗಳಿಂದಲೇ ಅಂದಾಜು ಮಾಡಬೇಕಾಯಿತು. ದೊಡ್ಡವರು ಓಡುವಾಗ ಸಣ್ಣವರು ಕುಂಟುತ್ತಿದ್ದರೆ ಆ ಕುಂಟುವಿಕೆ ತಕ್ಷಣ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಮೋಸ ಅನ್ನಬೇಕಾಗಿಲ್ಲ. ಆದರೆ ಈ ಲೆಕ್ಕಕ್ಕೆ ಸರಿಯಾಗಿ ಕಾಣದವರು ಯಾರು ಅಂತ ಗಮನಿಸಬೇಕು.

ಸರಾಸರಿಯೊಳಗೆ ಕಳೆದುಹೋಗುವವರು

ಜಿಡಿಪಿಯನ್ನು ಜನಸಂಖ್ಯೆಯಿಂದ ಭಾಗಿಸಿದರೆ ಭಾರತದಲ್ಲಿ ತಲಾ ಸುಮಾರು 2,900 ಡಾಲರ್ ಬರುತ್ತದೆ, ಜಪಾನಿನಲ್ಲಿ ಸುಮಾರು 34,000. ಒಟ್ಟು ಗಾತ್ರ ಸಮ, ಪಾಲು ಹನ್ನೆರಡರಲ್ಲೊಂದು. ಇಷ್ಟನ್ನು ಎಲ್ಲರೂ ಬರೆದಿದ್ದಾರೆ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗೋಣ.

2,900 ಡಾಲರ್ ಅಂದರೆ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ರೂಪಾಯಿ, ತಿಂಗಳಿಗೆ 21,000. ಐದು ಜನರ ಸಂಸಾರಕ್ಕೆ ತಿಂಗಳಿಗೆ ಒಂದು ಲಕ್ಷ ಆಯಿತು. ಈಗ ಸರ್ಕಾರದ್ದೇ ಇನ್ನೊಂದು ಲೆಕ್ಕ ನೋಡಿ. 2023-24ರ ಮನೆಖರ್ಚಿನ ಸಮೀಕ್ಷೆ ಪ್ರಕಾರ ಹಳ್ಳಿಯಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು 4,122 ರೂಪಾಯಿ, ಪಟ್ಟಣದಲ್ಲಿ 6,996. ಹಳ್ಳಿಯ ಐದು ಜನರ ಸಂಸಾರ ತಿಂಗಳಿಗೆ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಬದುಕುತ್ತದೆ.

ಒಂದು ಲಕ್ಷ ಎಲ್ಲಿ, ಇಪ್ಪತ್ತು ಸಾವಿರ ಎಲ್ಲಿ? ಉಳಿದದ್ದನ್ನು ಯಾರೋ ಕದ್ದರು ಅಂತಲ್ಲ. ಜಿಡಿಪಿಯಲ್ಲಿ ಕಂಪನಿಗಳ ಲಾಭ, ಯಂತ್ರ, ಸೇತುವೆ, ಸರ್ಕಾರದ ಖರ್ಚು, ಶ್ರೀಮಂತರ ಆದಾಯ ಎಲ್ಲ ಸೇರಿದೆ. ಅದು ಮನೆಗೆ ಬರುವ ಪಗಾರ ಅಲ್ಲ. ಅದರಲ್ಲಿ ಎಷ್ಟು ಪಾಲು ಪಗಾರವಾಗಿ ಮನೆಗೆ ಬರುತ್ತದೆ ಎನ್ನುವುದರಲ್ಲೇ ಬೆಳವಣಿಗೆಗೂ ಬದುಕಿಗೂ ಇರುವ ಸಂಬಂಧ ಇದೆ.

ಬಡತನ ಇಳಿದಿದೆ

ಇದನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ. ದಿನಕ್ಕೆ 2.15 ಡಾಲರ್ ಎಂಬ ಗೆರೆಯ ಪ್ರಕಾರ 2011-12ರಲ್ಲಿ ಶೇ 16.2 ಇದ್ದ ಕಡುಬಡತನ 2022-23ಕ್ಕೆ ಶೇ 2.3ಕ್ಕೆ ಇಳಿದಿದೆ ಎನ್ನುತ್ತದೆ ವಿಶ್ವಬ್ಯಾಂಕ್. ಗೆರೆಯನ್ನು 3 ಡಾಲರ್‌ಗೆ ಏರಿಸಿದರೂ ಅದು ಶೇ 5.3. ಅಡುಗೆ ಗ್ಯಾಸ್, ಶೌಚಾಲಯ, ಕರೆಂಟು, ಬ್ಯಾಂಕ್ ಖಾತೆ ಇವೆಲ್ಲ ಬಡವರ ಮನೆ ತಲುಪಿರುವುದು ಹಳ್ಳಿಗೆ ಹೋದವರಿಗೆಲ್ಲ ಗೊತ್ತು. ಕಾಯಿಲೆಗೆ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಒಟ್ಟು ವೈದ್ಯಕೀಯ ಖರ್ಚಿನ ಶೇ 64 ಇತ್ತು, 2021-22ಕ್ಕೆ ಶೇ 39ಕ್ಕೆ ಬಂತು. ತೆರಿಗೆ ಹಣ ಹೆಚ್ಚಾಗದೆ ಇದು ಆಗುತ್ತಿರಲಿಲ್ಲ, ಬೆಳವಣಿಗೆ ಇಲ್ಲದೆ ತೆರಿಗೆ ಹೆಚ್ಚಾಗುತ್ತಿರಲಿಲ್ಲ.

ಆದರೆ ಕಡುಬಡತನದ ಗೆರೆ ದಾಟುವುದು ಬೇರೆ, ಬದುಕು ಗಟ್ಟಿಯಾಗುವುದು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಜನಕ್ಕೆ ರಕ್ತಹೀನತೆ. ಹೊಟ್ಟೆಗೆ ಅಕ್ಕಿ ಸಿಕ್ಕಿದೆ. ಬೇಳೆ, ಮೊಟ್ಟೆ, ಹಾಲು, ಸೊಪ್ಪು ಸಾಕಷ್ಟು ಸಿಕ್ಕಿಲ್ಲ. ಅದಕ್ಕೆ ದಿನಾ ಕೈಯಲ್ಲಿ ಕಾಸು ಬೇಕು.

ಅಸಮಾನತೆ ವಿಷಯದಲ್ಲೂ ಇಂಥದ್ದೇ ಗೊಂದಲ. 2025ರ ಜುಲೈನಲ್ಲಿ ಸರ್ಕಾರ, ವಿಶ್ವಬ್ಯಾಂಕಿನ 25.5 ಎಂಬ ಗಿನಿ ಅಂಕಿ (ಸೊನ್ನೆಯಾದರೆ ಪೂರ್ತಿ ಸಮಾನತೆ, ನೂರಾದರೆ ಪೂರ್ತಿ ಅಸಮಾನತೆ) ತೋರಿಸಿ, ಭಾರತ ಜಗತ್ತಿನ ಅತಿ ಸಮಾನ ದೇಶಗಳಲ್ಲಿ ಒಂದು ಎಂದಿತು. ಅದಕ್ಕೂ ಮೊದಲು, 2024ರಲ್ಲಿ, ವರ್ಲ್ಡ್ ಇನ್‌ಇಕ್ವಾಲಿಟಿ ಲ್ಯಾಬ್‌ನ ಸಂಶೋಧಕರು ಮೇಲಿನ ಶೇ 1 ಜನರ ಕೈಗೆ ಆದಾಯದ ಶೇ 22.6, ಆಸ್ತಿಯ ಶೇ 40.1 ಹೋಗುತ್ತಿದೆ ಎಂದಿದ್ದರು. ಮೊದಲನೆಯದು ಜನ ಎಷ್ಟು ಖರ್ಚು ಮಾಡಿದರು ಎಂಬ ಲೆಕ್ಕ. ಎರಡನೆಯದು ಎಷ್ಟು ಗಳಿಸಿದರು, ಎಷ್ಟು ಕೂಡಿಟ್ಟರು ಎಂಬ ಲೆಕ್ಕ. ಶ್ರೀಮಂತ ಎಷ್ಟು ತಿಂದರೂ ಗಳಿಸಿದ್ದನ್ನೆಲ್ಲ ತಿಂದು ಮುಗಿಸಲಾರ. ಜೊತೆಗೆ ಖರ್ಚಿನ ಸಮೀಕ್ಷೆಗೆ ತೀರಾ ಶ್ರೀಮಂತರು ಸಿಗುವುದೇ ಕಷ್ಟ. ಹಾಗಾಗಿ ಖರ್ಚಿನ ಅಂತರ ಸಾಮಾನ್ಯವಾಗಿ ಆದಾಯದ ಅಂತರಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಜಗಳ ಮಾಡಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಬೆಳಿಗ್ಗೆ ಏಳೂವರೆಯ ನಾಕಾ

ಮುಂಬಯಿಯ ಉಪನಗರಗಳಲ್ಲಿ, ನವಿ ಮುಂಬಯಿಯಲ್ಲಿ, ಕೂಲಿಗೆ ಜನ ಸಿಗುವ ಕೂಡುರಸ್ತೆಗೆ ನಾಕಾ ಅನ್ನುತ್ತಾರೆ. ಬೆಳಿಗ್ಗೆ ಏಳೂವರೆ ಹೊತ್ತಿಗೆ ಅಲ್ಲಿ ಜನ ಸೇರುತ್ತಾರೆ. ಗಂಡಸರ ಕೈಯಲ್ಲಿ ಕರಣೆ, ಗೋಣಿಚೀಲದಲ್ಲಿ ಮಟ್ಟಗೋಲು. ಹೆಂಗಸರು ಸೀರೆ ಮೇಲೆ ಗಂಡನ ಹಳೇ ಶರ್ಟು ತೊಟ್ಟಿರುತ್ತಾರೆ, ಬುತ್ತಿಯಲ್ಲಿ ರೊಟ್ಟಿ, ಹಿಂಡಿ. ಕೂಲಿಯಾಳು ಕರೆದೊಯ್ಯುವ ಮುಕಾದಮ ಬೈಕಿನಿಂದ ಇಳಿಯದೆಯೇ ಕೂಗುತ್ತಾನೆ: "ಎರಡು ಗೌಂಡಿ, ಮೂರು ಹೆಣ್ಣಾಳು!" ಹತ್ತು ಜನ ಸುತ್ತುವರಿಯುತ್ತಾರೆ. ಕೂಲಿ ಹೇಳಿದ್ದಕ್ಕಿಂತ ಐವತ್ತು ಕಮ್ಮಿ ಆಗುತ್ತದೆ, ಯಾಕೆಂದರೆ ಹಿಂದೆ ಇನ್ನೂ ನಲವತ್ತು ಜನ ನಿಂತಿದ್ದಾರೆ. ಹತ್ತು ಗಂಟೆಯಾದರೂ ಯಾರೂ ಕರೆಯದಿದ್ದರೆ ಬುತ್ತಿ ಬಿಚ್ಚದೆ ಖೋಲಿಗೆ ವಾಪಸ್.

ಬೆಳವಣಿಗೆಯ ಲೆಕ್ಕದಲ್ಲಿ ಕಟ್ಟಡ ಉದ್ಯಮ ಚೆನ್ನಾಗಿ ಬೆಳೆಯುತ್ತಿರುವ ವಲಯ. ಆ ಬೆಳವಣಿಗೆ ಈ ನಾಕಾಕ್ಕೆ ಪಗಾರವಾಗಿ ಇಳಿಯದಿರುವುದಕ್ಕೆ ಕಾರಣ, ಕೆಲಸ ಕೇಳುವವರು ಕೆಲಸಕ್ಕಿಂತ ಜಾಸ್ತಿ ಇರುವುದು. ಅವರು ಎಲ್ಲಿಂದ ಬರುತ್ತಾರೆ? ಬೇಸಾಯದಿಂದ. ದುಡಿಯುವವರಲ್ಲಿ ಬೇಸಾಯ ನೆಚ್ಚಿಕೊಂಡವರು 2017-18ರಲ್ಲಿ ಶೇ 44 ಇದ್ದರು, 2023-24ಕ್ಕೆ ಶೇ 46 ಆದರು. ಬೆಳೆಯುವ ದೇಶದಲ್ಲಿ ಈ ಪಾಲು ಇಳಿಯಬೇಕಿತ್ತು, ಏರಿತು. ತಿಂಗಳ ಪಗಾರದ ಕೆಲಸದಲ್ಲಿರುವವರ ಪಾಲು ಶೇ 22.8ರಿಂದ ಶೇ 21.7ಕ್ಕೆ ಇಳಿಯಿತು. ಕಾರ್ಖಾನೆಗಳು ಯಂತ್ರ ಹೆಚ್ಚಿಸಿದಷ್ಟು ಆಳು ಹೆಚ್ಚಿಸಲಿಲ್ಲ. ಐಟಿ, ಬ್ಯಾಂಕು, ಹಣಕಾಸು ಕಂಪನಿಗಳು ಬೇಗ ಬೆಳೆದವು, ಆದರೆ ಅಲ್ಲಿಗೆ ಎಂಟನೇ ಕ್ಲಾಸು ಓದಿದವರಿಗೆ ಬಾಗಿಲಿಲ್ಲ.

ಹೆಂಗಸರ ವಿಷಯದಲ್ಲಿ ಒಂದು ಅಂಕಿ ತುಂಬಾ ಸಂತೋಷ ಕೊಡುವಂತಿದೆ. 15 ವರ್ಷ ಮತ್ತು ಮೇಲಿನ ಹೆಂಗಸರಲ್ಲಿ ದುಡಿಯುವವರ, ಕೆಲಸ ಹುಡುಕುವವರ ಪಾಲು 2017-18ರ ಶೇ 23.3ರಿಂದ 2023-24ಕ್ಕೆ ಶೇ 41.7ಕ್ಕೆ ಏರಿದೆ. ಬಿಡಿಸಿ ನೋಡಿದರೆ, ದುಡಿಯುವ ಹೆಂಗಸರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮಂದಿ ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಕೂಲಿಯಿಲ್ಲದೆ ದುಡಿಯುವವರು. ಅವರ ಕೆಲಸ ಲೆಕ್ಕಕ್ಕೆ ಬಂದದ್ದು ಒಳ್ಳೆಯದೇ. ಅವರ ಕೈಗೆ ಕಾಸು ಬಂದಿಲ್ಲ.

ಹಳೆಯ ಏಣಿ

ಇದೇ ಮುಂಬಯಿಯಲ್ಲಿ ಕನ್ನಡ, ತುಳು ಮಾತಾಡುವ ಬಡವರು ಮೇಲೆ ಬಂದದ್ದು ಹೇಗೆ? ಉಡುಪಿ, ಮಂಗಳೂರು ಕಡೆಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದರು, ರಾತ್ರಿ ಶಾಲೆಗೆ ಹೋದರು. ಆ ಬದುಕು ಸುಖದ್ದಾಗಿರಲಿಲ್ಲ. ಹನ್ನೆರಡು, ಹದಿಮೂರರ ಮಕ್ಕಳು ದುಡಿಯಬೇಕಾದದ್ದು ಹೆಮ್ಮೆ ಪಡುವ ವಿಷಯವೂ ಅಲ್ಲ. ಆದರೆ ಏಣಿಯಲ್ಲಿ ಮೆಟ್ಟಿಲುಗಳಿದ್ದವು. ಊಟ, ಮಲಗುವ ಜಾಗ ಹೋಟೆಲಿನಲ್ಲೇ ಸಿಗುತ್ತಿತ್ತು, ಹಾಗಾಗಿ ಬಾಡಿಗೆಗೆ ಪಗಾರ ಹೋಗುತ್ತಿರಲಿಲ್ಲ. 1902ರಲ್ಲಿ ಶುರುವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿ ಶಾಲೆ ನಡೆಸಿದವು. ಮಾಟುಂಗಾದಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಬಂದವು. ಮೆಟ್ರಿಕ್ ಪಾಸಾದವರಿಗೆ ಬ್ಯಾಂಕು, ರೈಲ್ವೆ, ಬಂದರು, ಮಿಲ್ಲಿನ ಆಫೀಸು ಇತ್ತು. ಅಂದರೆ ತಿಂಗಳ ಪಗಾರ, ಪಿಎಫ್.

ಏಣಿಯ ಬುಡ ಊರಿನಲ್ಲೇ ಇತ್ತು ಎಂಬುದನ್ನು ನಾವು ಮರೆಯುತ್ತೇವೆ. ಕರಾವಳಿಯಲ್ಲಿ ಶಾಲೆಗಳು ಮೊದಲೇ ಇದ್ದವು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ನಾಲ್ಕೂ ಬ್ಯಾಂಕುಗಳು 1906ರಿಂದ 1931ರೊಳಗೆ ಅದೇ ನೆಲದಲ್ಲಿ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿಯಲ್ಲಿ ದಿನಕ್ಕೆ ನಾಲ್ಕು ಕಾಸು ಉಳಿಸಬಹುದಿತ್ತು. 1974ರ ಭೂ ಸುಧಾರಣೆಯಲ್ಲಿ ಗೇಣಿದಾರರಿಗೆ ಜಮೀನು ಸಿಕ್ಕಿದ್ದೂ ಅಲ್ಲೇ ಜಾಸ್ತಿ. ಊರಲ್ಲಿ ಕಾಲೂರಲು ಒಂದು ತುಂಡು ನೆಲ ಇದ್ದವನು ಮುಂಬಯಿಯಲ್ಲಿ ಧೈರ್ಯವಾಗಿ ಇನ್ನೊಂದು ಕಾಲಿಟ್ಟ.

ಇಂದು ಕಲಬುರಗಿಯಿಂದ ಬರುವವರ ಹಿಂದೆ ಇದ್ಯಾವುದೂ ಇಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಕರ್ನಾಟಕದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. ಅದಾಗಿ ಹತ್ತು ವರ್ಷದ ಮೇಲೆ ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂತು. ಕೆಲಸ, ಸೀಟು ಒಂದಷ್ಟು ಮಂದಿಗೆ ಸಿಕ್ಕಿತು. ಆದರೆ ಅಪ್ಪ ಅಮ್ಮ ಆರು ತಿಂಗಳು ಸೈಟಿನಲ್ಲಿದ್ದರೆ ಮಗುವಿನ ಶಾಲೆ ಅರ್ಧಕ್ಕೇ ನಿಲ್ಲುತ್ತದೆ. ಶಾಲೆಗೆ ಹೋದವರ ಕಲಿಕೆಯೂ ಗಟ್ಟಿಯಿಲ್ಲ. ಮಕ್ಕಳ ಕಲಿಕೆ ಅಳೆಯುವ 2024ರ ಅಸರ್ ವರದಿ ಪ್ರಕಾರ ದೇಶದ ಹಳ್ಳಿಗಳಲ್ಲಿ ಐದನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಹಳೇ ಏಣಿಯಲ್ಲಿ ಮೆಟ್ರಿಕ್ ಒಂದು ಮೆಟ್ಟಿಲಾಗಿತ್ತು. 1982ರ ಗಿರಣಿ ಮುಷ್ಕರದ ನಂತರ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ಬ್ಯಾಂಕಿನ ಗುಮಾಸ್ತೆ ಕೆಲಸ ಕಂಪ್ಯೂಟರ್‌ಗೆ ಹೋಯಿತು. ಈಗ ಮೆಟ್ರಿಕ್ ಮುಗಿಸಿದ ಹುಡುಗನಿಗೆ ಸಿಗುವುದು ಡೆಲಿವರಿ ಬ್ಯಾಗು.

ಸವಲತ್ತು ಊರಲ್ಲಿ, ಜನ ಮುಂಬಯಿಯಲ್ಲಿ

ಸರ್ಕಾರಗಳು ಸುಮ್ನೆ ಕೂತಿಲ್ಲ. ಕರ್ನಾಟಕದಲ್ಲಿ ಗೃಹಲಕ್ಷ್ಮಿಯ 2,000, ಮಹಾರಾಷ್ಟ್ರದಲ್ಲಿ 2024ರ ಜುಲೈನಿಂದ ಲಾಡ್ಕಿ ಬಹೀಣ್ ಯೋಜನೆಯ 1,500. ಪಗಾರದಿಂದ ಬರದ ಹಣವನ್ನು ನೇರವಾಗಿ ಖಾತೆಗೆ ಹಾಕುವ ದಾರಿ ಇದು. ಬಡ ಹೆಂಗಸಿನ ಕೈಗೆ ಬರುವ ಈ ದುಡ್ಡನ್ನು ಬಿಟ್ಟಿ ಭಾಗ್ಯ ಎಂದು ಹೀಗಳೆಯುವುದು ಅನ್ಯಾಯ. ತೊಡಕು ಇರುವುದು ಬೇರೆ ಕಡೆ. ಬೆಳವಣಿಗೆ ಜನರನ್ನು ಊರು ಬಿಡಿಸುತ್ತದೆ, ಸವಲತ್ತು ಊರಿನ ವಿಳಾಸಕ್ಕೇ ಅಂಟಿಕೊಂಡಿದೆ.

ನಾಕಾದ ಹೆಂಗಸನ್ನೇ ನೋಡಿ. ಲಾಡ್ಕಿ ಬಹೀಣ್ ಬೇಕಾದರೆ ಮಹಾರಾಷ್ಟ್ರದ ನಿವಾಸಿ ಎಂಬ ದಾಖಲೆ ಬೇಕು. ಊರಿನ ಬಸ್ಸಿನಲ್ಲಿದ್ದ, ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಗಡಿಯ ಆಚೆ ನಡೆಯುವುದಿಲ್ಲ. ಒಂದು ದೇಶ ಒಂದು ರೇಷನ್ ಕಾರ್ಡಿನಿಂದ ಕೇಂದ್ರದ ಪಾಲಿನ ಧಾನ್ಯ ಮುಂಬಯಿಯಲ್ಲೂ ಸಿಗಬೇಕು, ಆದರೆ ಕರ್ನಾಟಕ ತಾನಾಗಿ ಸೇರಿಸಿದ ಹೆಚ್ಚಿನ ಪಾಲು ಸಿಗದು. ಕಟ್ಟಡ ಕಾರ್ಮಿಕರ 1996ರ ಕಾನೂನಿನ ಪ್ರಕಾರ ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ಅವರ ಕಲ್ಯಾಣಕ್ಕೇ ಬರಬೇಕಿತ್ತು. ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ಪುರಾವೆ ಕೇಳುತ್ತಾರೆ. ದಿನಕ್ಕೊಬ್ಬ ಮುಕಾದಮನ ಕೈಕೆಳಗೆ ದುಡಿಯುವವರಿಗೆ 90 ದಿನದ ಚೀಟಿ ಬರೆದುಕೊಡುವವರು ಯಾರು? ಈ ಸೆಸ್ ಹಣ ಕಾರ್ಮಿಕರಿಗೆ ಸರಿಯಾಗಿ ತಲುಪುತ್ತಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಕಟುವಾಗಿ ಹೇಳಿತ್ತು. 2025ರ ನವೆಂಬರ್ 21ರಿಂದ ಹಳೆಯ 29 ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಬಂದಿವೆ. ನೇಮಕಾತಿ ಪತ್ರ ಕೊಡುವುದು ಈಗ ಕಡ್ಡಾಯ. ಅದು ನಾಕಾದವರೆಗೆ ಬಂದರೆ ನಿಜವಾದ ಬದಲಾವಣೆ.

ಮನೆಯ ಕಥೆಯೂ ಹೀಗೇ. ಧಾರಾವಿ ಪುನರಾಭಿವೃದ್ಧಿಯಲ್ಲಿ 2000ದ ಜನವರಿ 1ಕ್ಕೆ ಮೊದಲು ನೆಲಮಹಡಿಯಲ್ಲಿ ಇದ್ದವರಿಗೆ ಅಲ್ಲೇ 350 ಚದರಡಿ ಮನೆ ಉಚಿತ. ಆಮೇಲೆ ಬಂದವರಿಗೆ, ಏಣಿ ಹತ್ತಿ ಮೇಲಿನ ಮಾಳಿಗೆಯಲ್ಲಿ ಇರುವವರಿಗೆ ಧಾರಾವಿಯ ಹೊರಗೆ, ದುಡ್ಡು ಕೊಟ್ಟು. ಎಲ್ಲೋ ಒಂದು ಗೆರೆ ಹಾಕಲೇಬೇಕು, ನಿಜ. ಆದರೆ ಗೆರೆಯ ಆಚೆ ಬೀಳುವವರು ಹೆಚ್ಚಾಗಿ ಬಾಡಿಗೆಯವರೇ, ಇತ್ತೀಚೆಗೆ ಬಂದವರೇ.

ಸೇತುವೆ ಮತ್ತು ಲೋಕಲ್

ಮುಂಬಯಿಯಲ್ಲಿ ಎರಡೇ ವರ್ಷದೊಳಗೆ ಒಂದರ ಹಿಂದೆ ಒಂದು ತೆರೆದದ್ದನ್ನು ನೋಡಿದರೆ ಬೆರಗಾಗುತ್ತದೆ. 2024ರ ಜನವರಿಯಲ್ಲಿ 21.8 ಕಿಲೋಮೀಟರ್‌ನ ಅಟಲ್ ಸೇತು, ಮಾರ್ಚ್‌ನಲ್ಲಿ ಕೋಸ್ಟಲ್ ರೋಡ್‌ನ ಮೊದಲ ಭಾಗ, 2025ರ ಅಕ್ಟೋಬರ್‌ನಲ್ಲಿ 33.5 ಕಿಲೋಮೀಟರ್‌ನ ಮೆಟ್ರೊ-3 ಪೂರ್ತಿ. ಮೆಟ್ರೊ ಎಲ್ಲರಿಗೂ. ಆದರೆ ಅಟಲ್ ಸೇತು, ಕೋಸ್ಟಲ್ ರೋಡ್ ಎರಡರ ಮೇಲೂ ಬೈಕು, ರಿಕ್ಷಾ ಬಿಡುವುದಿಲ್ಲ. ಅದೇ ಊರಿನಲ್ಲಿ ಲೋಕಲ್ ರೈಲಿನ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕಿಂತ ಜಾಸ್ತಿ ಜನ ಸಾಯುತ್ತಾರೆ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಬಾಗಿಲಿಗೆ ಜೋತುಬಿದ್ದವರು ಬಿದ್ದು ಸತ್ತ ಮೇಲೆ, ಬಾಗಿಲು ಮುಚ್ಚುವ ರೈಲುಗಳ ಮಾತು ಜೋರಾಯಿತು. ಸೇತುವೆಯೂ ಜಿಡಿಪಿಗೆ ಸೇರುತ್ತದೆ, ರೈಲಿನ ಬಾಗಿಲೂ ಸೇರುತ್ತದೆ. ಯಾವುದು ಮೊದಲು ಎಂದು ಜಿಡಿಪಿ ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ರಾಜಕೀಯ.

ಮೊದಲು ಯಾವುದು ಎಂಬ ಹಳೇ ಜಗಳ

2013ರಲ್ಲಿ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರು ಇದೇ ವಿಷಯಕ್ಕೆ ಬಹಿರಂಗವಾಗಿ ವಾದಿಸಿದರು. ಮೊದಲು ಬೆಳವಣಿಗೆ, ಅದರಿಂದ ಬರುವ ತೆರಿಗೆಯಲ್ಲಿ ಶಾಲೆ, ಆಸ್ಪತ್ರೆ ಎಂದರು ಜಗದೀಶ್ ಭಗವತಿ. ಶಾಲೆ, ಆಸ್ಪತ್ರೆ ಗಟ್ಟಿಯಿಲ್ಲದೆ ಬೆಳವಣಿಗೆಯೇ ಬಾಳುವುದಿಲ್ಲ ಎಂದರು ಅಮರ್ತ್ಯ ಸೇನ್. ಬಡತನ ಇಳಿದದ್ದು ಭಗವತಿ ಅವರ ಮಾತಿಗೆ ಬಲ ಕೊಡುತ್ತದೆ. ಆದರೆ ಕರಾವಳಿಯ ಹುಡುಗ ಮತ್ತು ಕಲಬುರಗಿಯ ಹುಡುಗ ಒಂದೇ ಮುಂಬಯಿಗೆ ಬಂದು ಬೇರೆ ಬೇರೆ ಕಡೆ ತಲುಪಿದ್ದನ್ನು ನೋಡಿದರೆ ಸೇನ್ ಅವರ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಊರಿನಲ್ಲಿ ಕಲಿತು ಬಂದವನನ್ನು ನಗರ ಮೇಲೆ ಎತ್ತಿತು. ಕಲಿಯದೆ ಬಂದವನ ತೋಳನ್ನು ಮಾತ್ರ ಬಳಸಿಕೊಂಡಿತು. ಆರೋಗ್ಯಕ್ಕೆ ಜಿಡಿಪಿಯ ಶೇ 2.5 ಖರ್ಚು ಮಾಡುವ ಗುರಿಯನ್ನು 2017ರ ನೀತಿ 2025ಕ್ಕೆ ಇಟ್ಟುಕೊಂಡಿತ್ತು. 2021-22ರಲ್ಲಿ, ಕೋವಿಡ್ ವರ್ಷದಲ್ಲೂ, ಅದು ಶೇ 1.84 ಇತ್ತು.

ಮುಂದೆ ಏನಾಗಬಹುದು

ಸಮಯ ನಾವು ಅಂದುಕೊಂಡಷ್ಟಿಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳಿದ್ದರು. ಇನ್ನು ಎರಡು ಮೂರು ದಶಕದಲ್ಲಿ ಇವತ್ತು ಬುಟ್ಟಿ ಹೊರುವವರು ಮುದುಕರಾಗುತ್ತಾರೆ, ಅವರನ್ನು ನೋಡಿಕೊಳ್ಳಲು ಮಕ್ಕಳು ಕಮ್ಮಿ, ಪಿಎಫ್, ಪಿಂಚಣಿ ಇಲ್ಲ. ಆಗ ನಗದು ಯೋಜನೆಗಳ ಹೊರೆ ರಾಜ್ಯಗಳ ಬಜೆಟ್ ಮೇಲೆ ಈಗಿನದಕ್ಕಿಂತ ಬಹಳ ಜಾಸ್ತಿ ಆಗುತ್ತದೆ, ಶಾಲೆ, ಆಸ್ಪತ್ರೆಗೆ ಉಳಿಯುವುದು ಇನ್ನೂ ಕಮ್ಮಿ.

ಹತ್ತಿರದಲ್ಲಿ ಕಾದು ನೋಡಬೇಕಾದ ಒಂದು ಕೆಲಸ ಇದೆ. 2011ರ ನಂತರ ದೇಶದಲ್ಲಿ ಜನಗಣತಿ ಆಗಿಲ್ಲ. ಉಚಿತ ರೇಷನ್ನಿನ 81.35 ಕೋಟಿ ಎಂಬ ಮಿತಿ ಇಂದಿಗೂ ಆ 2011ರ ತಲೆಲೆಕ್ಕದ ಮೇಲೆಯೇ ನಿಂತಿದೆ. ಆಮೇಲೆ ಹೆಚ್ಚಾದ ಜನರಲ್ಲಿ ಎಷ್ಟೋ ಬಡವರಿಗೆ ಕಾರ್ಡಿನಲ್ಲಿ ಜಾಗವಿಲ್ಲ. ಹೊಸ ಗಣತಿಯ ಮನೆಪಟ್ಟಿ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ನೊಳಗೆ, ತಲೆಲೆಕ್ಕ 2027ರ ಫೆಬ್ರವರಿಯಲ್ಲಿ. ಫೆಬ್ರವರಿ ಅಂದರೆ ಯಾದಗಿರಿಯ ಒಣಬೇಸಾಯದ ಹೊಲಗಳಲ್ಲಿ ಕೆಲಸ ಮುಗಿದು, ಮನೆಗೆ ಬೀಗ ಹಾಕಿ, ಸಂಸಾರ ಮುಂಬಯಿ ಕಡೆ ಬಂದಿರುವ ತಿಂಗಳು. ಗಣತಿಯವರು ಸೈಟಿನ ತಗಡಿನ ಶೆಡ್ಡಿನವರೆಗೆ ಬರುತ್ತಾರಾ, ಬಂದಾಗ ಒಳಗಿರುವ ಹೆಂಗಸು ತನ್ನ ಹೆಸರನ್ನು, ಮಗುವಿನ ಹೆಸರನ್ನು ಇಲ್ಲಿ ಬರೆಸುತ್ತಾಳಾ ಎಂಬುದರ ಮೇಲೆ ಮುಂದಿನ ಹತ್ತು ವರ್ಷದ ಅಕ್ಕಿ, ಅಂಗನವಾಡಿ, ಶಾಲೆಯ ಕೋಣೆ ನಿಂತಿವೆ. ಮುಂಬಯಿಯ ಕನ್ನಡ ಸಂಘಗಳಿಗೆ ಆ ಶೆಡ್ಡುಗಳ ದಾರಿ ಗೊತ್ತಿದೆ, ಅಲ್ಲಿನ ಮಾತೂ ಗೊತ್ತಿದೆ.